ಅಕ್ಕನ ಮಾನಕ್ಕೆ ನಾನು ಹೇಳಿದ ಅಂಕಿ

ನನ್ನ ಅಕ್ಕ ದ್ರಾಕ್ಷಿ ತೋಟಗಳ ಕೆಲಸಕ್ಕೆ ನಮ್ಮೂರ ಹೆಂಗಸರ ಗುಂಪು ಕಟ್ಟಿಕೊಂಡು ಹೋಗುತ್ತಿದ್ದಳು. ಅವರನ್ನು ಒಯ್ಯುವ ಟೆಂಪೋ ತೋಟದ ಮಾಲೀಕನದು, ಓಡಿಸುವವನು ನಾನು. ಒಂದು ಮುಂಜಾನೆ ಅಕ್ಕ ಕೂಲಿ ಹೆಚ್ಚಿಸಿರಿ ಎಂದು ಕೇಳಿದಳು. ಮಾಲೀಕ ಹೆಂಗಸರ ಕಡೆ ತಿರುಗಿ, "ನಿಮ್ಮ ಪಗಾರದಾಗ ಈಕಿ ಕದ್ದ ತಿಂತಾಳ. ಮೊದಲ ಈಕಿನ್ನ ಕೇಳ್ರಿ" ಎಂದ.

ಅದು ಸುಳ್ಳು. ಆದರೂ ಮರುದಿನ ಟೆಂಪೋ ಅರ್ಧ ಖಾಲಿ. ವಾರದೊಳಗೆ ಅಕ್ಕನ ಹಿಂದೆ ಬರುವವರು ಯಾರೂ ಉಳಿಯಲಿಲ್ಲ.

ಮಾನ ಕಳೆದದ್ದಕ್ಕೆ ಅಬ್ರೂನುಕಸಾನಿಯ ದಾವೆ ಹಾಕಲು ಅವಳು ಜತ್ತ ಪಟ್ಟಣದ ವಕೀಲರಲ್ಲಿಗೆ ಹೋಗಬೇಕೆಂದಾಗ ಜೊತೆಗೆ ನನ್ನನ್ನು ಕರೆದಳು. ಹೊರಡುವ ಹಿಂದಿನ ಸಂಜೆ ಮಾಲೀಕ ನನ್ನ ಹೆಗಲ ಮೇಲೆ ಕೈ ಹಾಕಿ, "ನಿಮ್ಮಕ್ಕ ಏನ ನನ್ನ ತೋಟಾನ ಕೇಳ್ತಾಳೇನೋ? ನೀನೂ ಸಂಗಾಟ ಹೊಂಟೀಯಂತಲ್ಲ" ಎಂದು ನಕ್ಕಿದ್ದ.

"ಆದ ಹಾನಿಗೆ ಭರಪಾಯಿ ಎಷ್ಟ ಕೇಳೂಣ್ರಿ ಅಕ್ಕಾರ?" ವಕೀಲರು ಕೇಳಿದರು.

"ಅದೇ ಹೆಂಗಸರ ಮುಂದ ಅವ ತಪ್ಪಾತು ಅನ್ಲಿ, ಸಾಕ್ರಿ."

"ದಾವಾದಾಗ ಒಂದ ಅಂಕಿ ಬರೀಬೇಕಾಗ್ತದ್ರಿ."

ಅಕ್ಕ ನನ್ನ ಮುಖ ನೋಡಿದಳು. "ತಮ್ಮಾ, ನೀನ ಹೇಳು. ನಂಗ ಇದಕ್ಕ ರೇಟ್ ಕಟ್ಟಾಕ ಬರೂದಿಲ್ಲ."

"ಎರಡ ತಿಂಗಳ ಪಗಾರ" ಎಂದೆ.

"ಅದು ಕೂಲಿದಾತು. ಮಾನದ್ದು?" ಎಂದರು ವಕೀಲರು.

"ಅದಕ್ಕೇನ ಹಾಕೂದ್ರಿ" ಎಂದು ನಾನು ನಕ್ಕೆ. ಅಕ್ಕ ನಗಲಿಲ್ಲ.

ಅವಳು ನೀರು ಕುಡಿಯಲು ಹೊರಗೆ ಹೋದಾಗ ವಕೀಲರು ನನ್ನನ್ನು ಹತ್ತಿರ ಕರೆದರು. "ಮಾನಹಾನಿಗೆ ಇಷ್ಟೇ ಅಂತ ಕಾಯ್ದೆದಾಗ ಮಿತಿ ಇಲ್ಲ. ಆದ್ರ ನೀವು ಕೇಳಿದ್ದಕಿಂತ ಹೆಚ್ಚಿಗಿ ಕೋರ್ಟ್ ಕೊಡೂದಿಲ್ಲ. ಅಂಕಿ ದೊಡ್ಡದ ಮಾಡ್ರಿ, ಕೋರ್ಟ್ ಫೀ ಸ್ವಲ್ಪ ಜಾಸ್ತಿ ಆಗ್ತದ, ಆಗ್ಲಿ. ಅಕ್ಕಗ ತಿಳಿಸಿ ಹೇಳಿ, ಲಗೂನ ಬಂದು ನನಗ ಹೇಳ್ರಿ."

"ಹೂಂನ್ರಿ" ಎಂದೆ. ಬಸ್ಸಿನಲ್ಲಿ ಅಕ್ಕನ ಪಕ್ಕದಲ್ಲೇ ಕುಳಿತಿದ್ದೆ. ಹೇಳಲಿಲ್ಲ. ಆ ಚಿಕ್ಕ ಅಂಕಿಯೇ ಇದ್ದರೆ ಮಾಲೀಕ ಸಿಟ್ಟಾಗುವುದಿಲ್ಲ, ನನ್ನ ಕೆಲಸ ಉಳಿಯುತ್ತದೆ ಎಂದುಕೊಂಡೆ. ವಕೀಲರ ಕಡೆ ಮತ್ತೆ ಹೋಗಲೂ ಇಲ್ಲ.

ಅದೇ ಎರಡು ತಿಂಗಳ ಪಗಾರದ ಅಂಕಿಗೆ ದಾವೆ ದಾಖಲಾಗಿ ವರ್ಷಗಟ್ಟಲೆ ನಡೆಯಿತು. ಇಬ್ಬರು ಹೆಂಗಸರು ಧೈರ್ಯ ಮಾಡಿ ಸಾಕ್ಷಿ ಹೇಳಿದರು. ಅಕ್ಕ ಗೆದ್ದಳು. ಕೋರ್ಟಿನ ಪಡಸಾಲೆಯಲ್ಲಿ ವಕೀಲರು ತೀರ್ಪು ಬಿಡಿಸಿ ಹೇಳಿದರು: "ಆಗಿರೂ ಹಾನಿ ಇದಕಿಂತ ಭಾಳ ದೊಡ್ಡದು ಅಂತ ಜಡ್ಜ್ ಸಾಹೇಬ್ರು ಬರದಾರ. ಆದ್ರ ಕೇಳಿದ್ದ ಅಷ್ಟೇ ಅದ, ಅದನ್ನ ದಾಟಾಕ ಬರೂದಿಲ್ಲ ಅಂದಾರ." ಆಮೇಲೆ ನನ್ನತ್ತ ನೋಡಿದರು. ನಾನು ಅಂಗಳದ ಕಡೆ ನೋಡಿದೆ.

ಮಾಲೀಕ ಹಣವನ್ನು ಕೂಡಲೇ ಕಟ್ಟಿದ. "ಇಷ್ಟಕ್ಕ ಇಷ್ಟ ವರ್ಷ ಓಡಾಡಿದ್ಲೇನ?" ಎಂದು ಚಹಾದ ಅಂಗಡಿಯಲ್ಲಿ ನಗಿಸಿದ. ಊರಿಗೆ ತೀರ್ಪಿಗಿಂತ ಆ ಅಂಕಿಯೇ ನೆನಪಿನಲ್ಲಿ ಉಳಿಯಿತು. ಹೆಂಗಸರು ಅಕ್ಕನ ಹಿಂದೆ ಮರಳಿ ಬರಲಿಲ್ಲ.

"ಇರ್ಲಿ ಬಿಡ ತಮ್ಮಾ" ಎಂದು ಅವಳೇ ನನಗೆ ಸಮಾಧಾನ ಹೇಳಿದಳು. "ನಮಗೇನ ಗೊತ್ತಿತ್ತು? ಇಬ್ರೂ ಸಾಲಿ ಕಲ್ತವರಲ್ಲ."

ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟವನು ನಾನು, ನಿಜ. ಆದರೆ ವಕೀಲರ ಮಾತು ನನಗೆ ಚೆನ್ನಾಗಿ ತಿಳಿದಿತ್ತು.

ಈಗ ಅಕ್ಕ ಒಬ್ಬಳೇ ಬಸ್ಸು ಹಿಡಿದು ಸಂಖದ ಕಡೆ ಕೂಲಿಗೆ ಹೋಗುತ್ತಾಳೆ. ನಾನು ಅದೇ ಟೆಂಪೋ ಓಡಿಸುತ್ತೇನೆ. ಸಂಜೆ ಅವಳ ಮನೆಯ ಮುಂದೆ ಹಾಯುವಾಗ "ಉಂಡ ಹೋಗೋ" ಎಂದು ಕೂಗುತ್ತಾಳೆ. ಉಂಡೀನಿ ಎಂದು ಸುಳ್ಳು ಹೇಳಿ ಮುಂದೆ ಹೋಗುತ್ತೇನೆ. ಊರ ಹೊರಗೆ ಗಾಡಿ ನಿಲ್ಲಿಸಿ, ಖಾಲಿ ಸೀಟುಗಳ ನಡುವೆ ಒಬ್ಬನೇ ರೊಟ್ಟಿ ತಿನ್ನುತ್ತೇನೆ.