ಇಸ್ತ್ರಿ ರುಕ್ಮಿಣಕ್ಕನ ಕೀಬೋರ್ಡು

ರುಕ್ಮಿಣಕ್ಕ ಇಸ್ತ್ರಿಪೆಟ್ಟಿಗೆಯ ಕಾವು ನೋಡುತ್ತಿದ್ದದ್ದು ಕೆನ್ನೆಯಲ್ಲಿ. ಪೆಟ್ಟಿಗೆ ಎತ್ತಿ ಮುಖದ ಹತ್ತಿರ ಹಿಡಿದು, ಕಣ್ಣು ಮುಚ್ಚಿ, "ಇನ್ನೊಂಚೂರು" ಅಂತಲೋ "ಸಾಕು" ಅಂತಲೋ ತೀರ್ಪು ಕೊಡುತ್ತಿದ್ದರು. ನೋಡುವವರೇ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು.

ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಮಗ್ಗದಿಂದ ಇಳಿದ ಸೀರೆಗಳು ಅಂಗಡಿಗೆ ಹೋಗುವ ಮುಂಚೆ ಅವರ ಜಗಲಿಗೆ ಬರುತ್ತಿದ್ದವು. ಇಸ್ತ್ರಿ ಮಾಡಿ, ಸೆರಗಿನ ಜರಿ ಮೇಲೆ ಕಾಣುವಂತೆ ಮಡಿಚಿ ಕೊಡುವುದು ಅವರ ಕಸುಬು. ಎರಡೂ ಪಕ್ಕದ ಮನೆಗಳಲ್ಲಿ ಪವರ್‌ಲೂಮ್ ಬಡಿಯುತ್ತಿದ್ದುದರಿಂದ ಅವರಿಗೆ ಮೆಲ್ಲಗೆ ಮಾತಾಡಿ ಗೊತ್ತೇ ಇರಲಿಲ್ಲ. ಗುಟ್ಟು ಹೇಳಿದರೂ ಬೀದಿಯ ಕೊನೆಗೆ ಕೇಳುತ್ತಿತ್ತು. ಹಾಗಾಗಿ ಗುಟ್ಟು ಹೇಳುವುದನ್ನೇ ಬಿಟ್ಟಿದ್ದರು.

ನಮ್ಮ ಹೆಂಗಸರ ಭಜನಾ ಮಂಡಳಿಗೆ ಕೀಬೋರ್ಡು ಬೇಕೇ ಬೇಕು ಎಂದು ಹಟ ಹಿಡಿದವರು ಅವರೇ. ಎಲ್ಲರೂ ಸೇರಿ ಒಂದು ಹಳೆಯದನ್ನು ಕೊಂಡೆವು. ನುಡಿಸುವವರು ಯಾರು ಎಂದು ಕೇಳಿದರೆ, "ಯಾರು ಅಂದ್ರೆ? ನಾನೇ" ಎಂದರು. ಆಗಲೇ ಅವರಿಗೆ ಐವತ್ತು ದಾಟಿತ್ತು.

"ಕಲಿಯೋಕೆ ವಯಸ್ಸಾಯ್ತಲ್ಲ ಅಕ್ಕಾ" ಎಂದೆ.

"ವಯಸ್ಸಾಗಿರೋದು ನನಗೆ, ಬೆರಳಿಗಲ್ಲ ಕಣೇ ಲತಾ."

ವರ್ಷ ತಿರುಗುವಷ್ಟರಲ್ಲಿ ಭಜನೆಗೆ ಬೇಕಾದಷ್ಟು ನುಡಿಸುತ್ತಿದ್ದರು. ತಪ್ಪು ಸ್ವರ ಬಿದ್ದರೆ ಅದನ್ನೇ ಜೋರಾಗಿ ಇನ್ನೊಮ್ಮೆ ಒತ್ತುತ್ತಿದ್ದರು. ಎರಡು ಸಲ ಬಂದರೆ ಹಾಡೇ ಹಾಗೆ ಎಂದು ಜನ ತಿಳಿಯುತ್ತಾರೆ ಎನ್ನುವುದು ಅವರ ಶಾಸ್ತ್ರ. ಪಕ್ಕದಲ್ಲಿ ಕೂತು ಹಾಡಿನ ಹಾಳೆ ಮಗುಚುತ್ತಿದ್ದ ನಾನೂ ಅಷ್ಟಿಷ್ಟು ಕಲಿತೆ.

ತೊಂದರೆ ಶುರುವಾದದ್ದು ಕೀಬೋರ್ಡಿನ ಪುಟ್ಟ ಪರದೆಯಿಂದ. ಕೊಳಲು, ಪಿಟೀಲು ಎಂದು ಒಂದೊಂದು ದನಿಗೂ ಅದರಲ್ಲಿ ಒಂದೊಂದು ನಂಬರ್. ಮೊದಲು ಅಂಕಿಗಳು ಮಸುಕಾದವು, ಆಮೇಲೆ ಪ್ರತಿ ಅಂಕಿಯ ಮೇಲುಗೆರೆ ಮಾಯವಾಯಿತು. ಮೇಲುಗೆರೆ ಹೋದರೆ 7 ಕೂಡ 1ರ ಹಾಗೆ ಕಾಣುತ್ತದೆ. ರಿಪೇರಿಗೆ ತೋರಿಸೋಣ ಎಂದರೆ, "ನಾನೇನು ಪರದೆ ನೋಡ್ಕೊಂಡು ನುಡಿಸ್ತೀನಾ?" ಎಂದು ನನ್ನ ಬಾಯಿ ಮುಚ್ಚಿಸಿದರು.

ಆಗಲೇ ನಮ್ಮ ಮಂಡಳಿಯ ಜಯಮ್ಮನ ಗಂಡ ತೀರಿಕೊಂಡರು. ವೈಕುಂಠ ಸಮಾರಾಧನೆಯ ದಿನ, ಊಟಕ್ಕೆ ಮುಂಚೆ ನಮ್ಮ ಭಜನೆ. ಕೊಳಲಿನ ನಂಬರ್ 121. ರುಕ್ಮಿಣಕ್ಕ ಮೇಲಿನಿಂದ ಒಂದೊಂದೇ ನಂಬರ್ ಇಳಿಸುತ್ತಾ ಬಂದು, 121 ಎಂದು ಕಂಡಲ್ಲಿ ನಿಲ್ಲಿಸಿದರು. ಅದು 127. ಬೆರಳಿಟ್ಟರೆ ಕೊಳಲಿನ ಬದಲು ತುಂಬಿದ ಸಭೆಯ ಚಪ್ಪಾಳೆ. ಹಾರ ಹಾಕಿದ ಫೋಟೋದ ಮುಂದೆ ಅಷ್ಟು ಉತ್ಸಾಹದ ಚಪ್ಪಾಳೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ.

ರುಕ್ಮಿಣಕ್ಕ ಬೆರಳು ತೆಗೆಯಲೇ ಇಲ್ಲ. ತಲೆಯೆತ್ತಿ, "ನೋಡ್ತಾ ಕೂತ್ರೆ ಹೇಗೆ? ಎಲ್ಲಾರೂ ತಾಳ ಹಾಕಿ" ಎಂದು ಗದರಿದರು. ಜನ ಹಾಕಿದರು. ಜಯಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಅಳುತ್ತಿದ್ದಾಳೆ ಎಂದುಕೊಂಡರೆ, ನಗು ತಡೆಯಲಾರದೆ ಅವಳ ಭುಜ ಕುಲುಕುತ್ತಿತ್ತು.

"ನಮ್ಮೆಜಮಾನ್ರಿಗೆ ಬದುಕಿದ್ದಾಗಂತೂ ಯಾರೂ ಚಪ್ಪಾಳೆ ಹೊಡೀಲಿಲ್ಲ, ಬಿಡಕ್ಕಾ" ಎಂದಳು ಆಮೇಲೆ.

ಊಟಕ್ಕೆ ಬಂದಿದ್ದ ರಾಮಮಂದಿರದ ಅಧ್ಯಕ್ಷರಿಗೆ ಮಾತ್ರ ನಗು ಬರಲಿಲ್ಲ. ಮಂದಿರದಲ್ಲಿ ರಾಮನವಮಿಯ ಸಂಜೆಯ ಭಜನೆ ಹಿಂದಿನಿಂದಲೂ ಗಂಡಸರ ಪಾಲು. ವಾದ ಮಾಡಿ, ಮುನಿಸಿಕೊಂಡು, ಆ ವರ್ಷವಷ್ಟೇ ನಾವು ಅದನ್ನು ದಕ್ಕಿಸಿಕೊಂಡಿದ್ದೆವು.

"ದೇವ್ರ ಮುಂದೂ ಹಿಂಗೇ ಆದ್ರೆ ಏನಮ್ಮಾ ಗತಿ? ಆ ಕೀಬೋರ್ಡು ಸರಿಯಾದ್ರೆ ಹಾಡಿ. ಇಲ್ದಿದ್ರೆ ಗಂಡಸರ ತಂಡ ಇದೆಯಲ್ಲ" ಎಂದರು.

ಒಮ್ಮೆ ಬಿಟ್ಟುಕೊಟ್ಟರೆ ಆ ಸಂಜೆ ಮತ್ತೆ ನಮಗೆ ಸಿಗುವುದಿಲ್ಲ ಎನ್ನುವುದು ಎಲ್ಲರಿಗೂ ಗೊತ್ತಿತ್ತು.

ಬಸ್ ಸ್ಟ್ಯಾಂಡಿನ ಹತ್ತಿರದ ರಿಪೇರಿ ಅಂಗಡಿಯವನು ಕೀಬೋರ್ಡು ಬಿಚ್ಚಿ ಕಾರಣವನ್ನು ಸರಿಯಾಗಿಯೇ ಹೇಳಿದ. ಪರದೆಯ ಗಾಜಿಗೆ ಬಿಸಿಯಲ್ಲಿ ಅಂಟಿಸಿದ, ಅಂಕಿಗಳಿಗೆ ಕರೆಂಟು ಒಯ್ಯುವ ತೆಳ್ಳನೆಯ ಪಟ್ಟಿಯೊಂದು ಬಿಟ್ಟುಕೊಂಡಿತ್ತು. ಅಷ್ಟು ಹಳೆಯ ಪರದೆ ಹೊಸದಾಗಿ ಸಿಗುತ್ತಿರಲಿಲ್ಲ.

"ಹದವಾಗಿ ಬಿಸಿ ಒತ್ತಿದ್ರೆ ಮತ್ತೆ ಕೂರಬೋದು. ಜಾಸ್ತಿ ಆದ್ರೆ ಪಟ್ಟಿ ಸುಟ್ಟೋಗುತ್ತೆ. ನಾನು ಗ್ಯಾರಂಟಿ ಕೊಡಲ್ಲಮ್ಮ."

"ಗ್ಯಾರಂಟಿ ನಾನ್ ಕೊಡ್ತೀನಿ. ನೀನು ಬಿಚ್ಚಿದ್ದನ್ನ ಹಾಗೇ ಕೊಡಪ್ಪ" ಎಂದು ರುಕ್ಮಿಣಕ್ಕ ಅದನ್ನು ಮನೆಗೆ ಹೊರಿಸಿಕೊಂಡು ಬಂದರು. ಹೊತ್ತವಳು ನಾನು.

ಇಸ್ತ್ರಿ ಮೇಜಿನ ಮೇಲೆ ಕೀಬೋರ್ಡು ಹೊಟ್ಟೆ ತೆರೆದು ಮಲಗಿತು. ರುಕ್ಮಿಣಕ್ಕ ನೂಲಿನ ಬಟ್ಟೆಯೊಂದನ್ನು ಮಡಿಚಿ ಪಟ್ಟಿಯ ಮೇಲಿಟ್ಟರು. "ಜರಿ ಮೇಲೆ ನೇರ ಕಾವು ಇಡಬಾರ್ದು. ಇದೂ ಜರಿನೇ ಅನ್ಕೋ" ಎಂದರು. ಪೆಟ್ಟಿಗೆ ಕೆನ್ನೆಯ ಹತ್ತಿರ ಹೋಯಿತು. ಸಾಕು ಎಂದು ತೀರ್ಪೂ ಬಂತು. ಎಲ್ಲ ಸರಿಯೇ, ಆದರೆ ಜೀವಮಾನದ ಅಭ್ಯಾಸ ನೋಡಿ: ಎಡಗೈ ತಾನಾಗಿ ಪಕ್ಕದ ಬಟ್ಟಲಿಗೆ ಹೋಗಿ ನೀರು ಎತ್ತಿತು. ಇನ್ನೇನು ಸೀರೆಗೆ ಚಿಮುಕಿಸುವ ಹಾಗೆ ಚಿಮುಕಿಸಬೇಕು, ನಾನು ಕೈ ಹಿಡಿದೆ. ಇಬ್ಬರೂ ಮುಖ ಮುಖ ನೋಡಿಕೊಂಡೆವು.

"ನಿನ್ನ ಪರೀಕ್ಷೆ ಮಾಡ್ದೆ" ಎಂದರು. ಹಣೆಯಲ್ಲಿ ಬೆವರಿತ್ತು.

ಮೊದಲ ಸಲ ಒತ್ತಿ ಸ್ವಿಚ್ ಹಾಕಿದರೆ, ಇದ್ದ ಅಂಕಿಗಳೂ ಹೋಗಿದ್ದವು. ಪರದೆ ಪೂರ್ತಿ ಖಾಲಿ. ನನಗೆ ಅಳು ಬಂತು. ರುಕ್ಮಿಣಕ್ಕ ಪ್ಲಗ್ ಕಿತ್ತು, "ಹೊಸ ಸೀರೆ ಒಂದೇ ಸಲಕ್ಕೆ ಮಡಿಕೆಗೆ ಕೂರುತ್ತೇನೇ?" ಎಂದು ಮತ್ತೆ ಕಾವು ನೋಡಿದರು. ಈ ಸಲ ಪೆಟ್ಟಿಗೆಯ ಮೂತಿಯನ್ನಷ್ಟೇ ಊರಿ, ಪಟ್ಟಿ ಆರುವ ತನಕ ಬಟ್ಟೆಯ ಮೇಲಿಂದ ಹೆಬ್ಬೆರಳಲ್ಲಿ ಒತ್ತಿ ಹಿಡಿದರು. ಸ್ವಿಚ್ ಹಾಕಿದೆ. ಗುಂಡಿ ಒತ್ತುತ್ತಾ ಹೋದಂತೆ ಅಂಕಿಗಳೆಲ್ಲ ಬಂದವು, 7 ತನ್ನ ಮೇಲುಗೆರೆಯ ಸಮೇತ ಬಂತು. ನಾನು ಅವರನ್ನು ತಬ್ಬಿಕೊಂಡೆ. "ಬಿಡೇ, ಪೆಟ್ಟಿಗೆ ಬಿಸಿ ಇದೆ" ಎಂದರು.

ರಾಮನವಮಿಯ ಸಂಜೆ ಕೊಳಲಿನ ಜಾಗದಲ್ಲಿ ಕೊಳಲೇ ಬಂತು. ಅಧ್ಯಕ್ಷರು ಪಾನಕದ ಲೋಟ ಹಿಡಿದು ಕಡೆಯ ಹಾಡಿನ ತನಕ ಕೂತಿದ್ದರು. ಅಂದಿನಿಂದ ಆ ಸಂಜೆ ನಮ್ಮದೇ.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ರುಕ್ಮಿಣಕ್ಕನಿಗೆ ಎದೆನೋವು ಬಂತು. ಆಸ್ಪತ್ರೆಗೆ ಆಟೋ ಹತ್ತುವಾಗಲೂ ಬೀದಿಗೆಲ್ಲ ಕೇಳುವಂತೆ, "ಲತಾ, ಇಸ್ತ್ರಿ ಪ್ಲಗ್ ಕೀಳೇ, ಸಂಜೆಗೆ ಬಂದ್ಬಿಡ್ತೀನಿ" ಎಂದರು. ಅವರು ಕೊಟ್ಟ ಗ್ಯಾರಂಟಿಗಳಲ್ಲಿ ಹುಸಿಯಾದದ್ದು ಅದೊಂದೇ.

ಅವರ ವೈಕುಂಠ ಸಮಾರಾಧನೆಯಲ್ಲಿ ಕೀಬೋರ್ಡಿನ ಮುಂದೆ ನಾನು ಕೂತೆ. ಫೋಟೋದಲ್ಲೂ ಅವರು ಆಗಷ್ಟೇ ಯಾರನ್ನೋ ಗದರಿದ ಹಾಗಿದ್ದರು. ಪರದೆಯಲ್ಲಿ 121 ಸ್ಪಷ್ಟವಾಗಿತ್ತು, ಮಂಜಾಗಿದ್ದದ್ದು ನನ್ನ ಕಣ್ಣು. ನಾನು ನಂಬರನ್ನು ಒಂದೊಂದೇ ಏರಿಸಿ 127ಕ್ಕೆ ನಿಲ್ಲಿಸಿದೆ. ಬೆರಳಿಟ್ಟೆ, ತೆಗೆಯಲಿಲ್ಲ. ಮನೆ ತುಂಬಾ ಚಪ್ಪಾಳೆ. ಅಧ್ಯಕ್ಷರು ಗಾಬರಿಯಾಗಿ ನನ್ನತ್ತ ತಿರುಗಿದರು.

ಹಿಂದಿನ ಸಾಲಿನಿಂದ ಜಯಮ್ಮನ ದನಿ ಬಂತು: "ನೋಡ್ತಾ ಕೂತ್ರೆ ಹೇಗೆ? ಎಲ್ಲಾರೂ ತಾಳ ಹಾಕಿ."