ಯಾರೂ ಬಿಡಿಸದ ಪುಟಗಳು

ಡಾಟ್‌ಕಾಮ್ ಭರಾಟೆಯ ದಿನಗಳು. ಕ್ಯಾಲಿಫೋರ್ನಿಯಾದ ನಮ್ಮ ಸನ್ನಿವೇಲ್ ಆಫೀಸು ಬಳಸುತ್ತಿದ್ದ ಲೆಕ್ಕದ ವಿಧಾನ ತನ್ನದೆಂದು ಇನ್ನೊಂದು ಕಂಪನಿ ಕೇಸು ಹಾಕಿತ್ತು. ಸೋತರೆ ಆಫೀಸಿಗೇ ಬೀಗ. ಆ ವಿಧಾನ ಮೊದಲೇ ಅಚ್ಚಾಗಿತ್ತೆಂದು ತೋರಿಸಿದರೆ ಕೇಸು ನಿಲ್ಲುವುದಿಲ್ಲ. ಅದನ್ನು ನೂರು ವರ್ಷದ ಹಿಂದೆಯೇ ಇಟಲಿಯ ಭೌತಶಾಸ್ತ್ರದ ಮೇಷ್ಟ್ರೊಬ್ಬರು ಬರೆದಿದ್ದಾರೆಂಬ ಗುಮಾನಿಯಲ್ಲಿ ಬರ್ಕ್ಲಿಯ ಲೈಬ್ರರಿಗೆ ಹೋದೆ.

ಅವರ ಪುಸ್ತಕದ ಹಾಳೆಗಳು ಅಂಚಿನಲ್ಲಿ ಕೂಡಿಕೊಂಡೇ ಇದ್ದವು. "ಬೈಂಡಿಂಗು ಕೆಟ್ಟಿದೆ, ಬೇರೆ ಕಾಪಿ ಕೊಡಿ" ಎಂದೆ.

ಲೈಬ್ರರಿಯ ಅಜ್ಜಿ ಚಾಕು ಕೊಟ್ಟರು. "ಕೆಟ್ಟಿಲ್ಲ. ಆಗೆಲ್ಲ ಓದುವವರೇ ಪುಟ ಕತ್ತರಿಸಿ ಬಿಡಿಸಬೇಕಿತ್ತು. ಇದನ್ನು ಯಾರೂ ಓದಿಲ್ಲ, ಅಷ್ಟೇ."

ಪುಸ್ತಕಕ್ಕೆ ಚಾಕು ಹಾಕಲು ಕೈ ಬರಲಿಲ್ಲ. ಮೊದಲು ಕಣ್ಣಿಗೊತ್ತಿಕೊಂಡೆ.

"ವಾಸನೆ ನೋಡಿದಿರಾ?" ಎಂದರು ಅಜ್ಜಿ.

ಆಮೇಲೆ ಒಂದೊಂದೇ ಪುಟ ಬಿಡಿಸುತ್ತ ಹೋದೆ. ಇಟಾಲಿಯನ್ ಬಾರದಿದ್ದರೂ ಸಮೀಕರಣಗಳ ಗುರುತು ಹತ್ತಿತು. ಸಾಲುಸಾಲೂ ನಮ್ಮದೇ. ಕೇಸು ಬಿದ್ದುಹೋಯಿತು, ಆಫೀಸಿನವರು ನನ್ನನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು.

ಮೇಷ್ಟ್ರು ಜೀವನವಿಡೀ ಒಂದೇ ಊರಿನಲ್ಲಿ ಪಾಠ ಹೇಳಿದವರಂತೆ. ಅವರಿಗೆ ಕೊನೆಗೂ ಒಬ್ಬ ಓದುಗ ಸಿಕ್ಕ. ಅವನೂ ನಲವತ್ತನೇ ಪುಟಕ್ಕೆ ಚಾಕು ವಾಪಸು ಕೊಟ್ಟುಬಿಟ್ಟ.