ಜೇನು ಕಾಯುವ ಸರ್ಕಾರಿ ಆರ್ಡರು

ಅರವತ್ತರ ದಶಕದ ಮೊದಲ ವರ್ಷಗಳು. ನಾನು ಜರಗನಹಳ್ಳಿಯಿಂದ ಜಯನಗರದ ಹೈಸ್ಕೂಲಿಗೆ ನಡೆದು ಹೋಗುತ್ತಿದ್ದೆ. ಆ ಬೇಸಿಗೆ ರಜೆಯಲ್ಲಿ ಅವ್ವನಿಗೆ ರುಜು ಹಾಕುವುದನ್ನು ಕಲಿಸಿದೆ. ಹದಿನೈದು ದಿನ ಸ್ಲೇಟಿನ ಮೇಲೆ ತಿದ್ದಿದಳು. ರುಜು ಬಂದ ಮೇಲೆ ಅವಳನ್ನು ಹಿಡಿಯುವವರೇ ಇರಲಿಲ್ಲ. ಹೆಬ್ಬೆಟ್ಟು ಒತ್ತಿ ಅಂದವರನ್ನು ದುರುಗುಟ್ಟಿ ನೋಡಿ ಪೆನ್ನು ಕೇಳುತ್ತಿದ್ದಳು.

ನಮ್ಮೂರಿನ ಗ್ರಾಮಸೇವಕ ಜೇನುಪೆಟ್ಟಿಗೆ ತಂದುಕೊಟ್ಟಿದ್ದು ಆ ವರ್ಷವೇ. ಸರ್ಕಾರದ ಸ್ಕೀಮು. ರೈತರಿಗೆ ಹೊಸ ಬೇಸಾಯ ಹೇಳಿಕೊಡುವುದು ಅವನ ಕೆಲಸ, ನಮ್ಮ ಮನೆಯ ಮುದ್ದೆ ಉಣ್ಣುವುದು ಅವನ ಅಭ್ಯಾಸ. ಅವ್ವನನ್ನು ಬಾಯಿ ತುಂಬ ಅಕ್ಕಾ ಅನ್ನುತ್ತಿದ್ದ. ಪೆಟ್ಟಿಗೆ ಇಳಿಸಿದ ದಿನ ನಾಲ್ಕು ಕಡೆ ರುಜು ಹಾಕಿಸಿಕೊಂಡ. ಕೊನೆಯ ಹಾಳೆಯಲ್ಲಿ ಒಂದಕ್ಷರವೂ ಇರಲಿಲ್ಲ. "ಮಿಕ್ಕಿದ್ದು ಆಫೀಸಲ್ಲಿ ತುಂಬ್ಕೋತೀನಿ ಅಕ್ಕಾ" ಅಂದ. ಅವ್ವ ನಾಲಿಗೆ ಕಚ್ಚಿಕೊಂಡು ಅಲ್ಲೂ ಬರೆದಳು.

ಪೆಟ್ಟಿಗೆ ಬಂದ ಮೇಲೆ ಅವ್ವ ನಮ್ಮನ್ನು ಮರೆತೇಬಿಟ್ಟಳು ಅಂತ ನಾವೆಲ್ಲ ರೇಗಿಸುತ್ತಿದ್ದೆವು. ಹಟ್ಟಿ ಗುಡಿಸುವಾಗಲೂ ಜೇನುಹುಳುಗಳ ಜೊತೆ ಮಾತು. ಮಳೆಗಾಲ ಮುಗಿಯುವ ಹೊತ್ತಿಗೆ ಅವರೆಯ ಹುಳಕ್ಕೆ ಬೇಸಾಯ ಇಲಾಖೆಯವರು ಬಿಟ್ಟಿಯಾಗಿ ವಿಷದ ಪುಡಿ ಹೊಡೆಯುತ್ತಾರೆ ಅಂತ ಸುದ್ದಿ ಬಂತು. ಊರೆಲ್ಲ ಕುಣಿಯಿತು. ಅವ್ವನಿಗೆ ಮಾತ್ರ ಭಯ. ರಾಗಿ ಹೊಲದಲ್ಲಿ ಅವರೆ, ಹುಚ್ಚೆಳ್ಳು ಅಕ್ಕಪಕ್ಕದ ಸಾಲು. ಅವರೆಗೆ ಎರಚಿದ ಪುಡಿ ಹುಚ್ಚೆಳ್ಳಿನ ಹೂವಿನ ಮೇಲೂ ಬೀಳುತ್ತದೆ, ಜೇನೆಲ್ಲ ಕೂರುವುದು ಅದೇ ಹೂವಿನ ಮೇಲೆ.

"ಹೆದರ್ಕೋಬೇಡಿ ಅಕ್ಕಾ, ಸರ್ಕಾರದ ಆರ್ಡರೇ ಇದೆ," ಅಂದ ಗ್ರಾಮಸೇವಕ. "ಜೇನು ಸಾಕಿರೋರಿಗೆ ಹಿಂದಿನ ದಿನ ತಿಳಿಸ್ದೆ ಪುಡಿ ಹೊಡೆಯೋ ಹಾಗಿಲ್ಲ. ನಾನೇ ಬಂದು ಹೇಳ್ತೀನಿ."

ಅಷ್ಟು ಸಾಕಿತ್ತು. ಹಿಂದಿನ ಸಂಜೆ ಪೆಟ್ಟಿಗೆಯ ಬಾಯಿಗೆ ಜಾಲರಿ ಕಟ್ಟಿ ಒದ್ದೆ ಗೋಣಿ ಹೊದಿಸಿದರೆ ಅವು ಒಂದು ದಿನ ಒಳಗೇ ಇರುತ್ತವೆ. ಅವ್ವ ಗೋಣಿ ಒಗೆದು ಮಡಿಚಿಟ್ಟು ಕಾದಳು.

ಅವನು ಬರಲಿಲ್ಲ. ದೀಪಾವಳಿ ಕಳೆದ ವಾರ, ಬಿಸಿಲೇರಿದ ಹೊತ್ತಿನಲ್ಲಿ, ಪುಡಿ ಯಂತ್ರದ ಗರಗರ ಸದ್ದು ಕೇಳಿಯೇ ನಮಗೆ ಗೊತ್ತಾಗಿದ್ದು. ಅವ್ವ ಕೂಗುತ್ತಾ ಓಡುವಷ್ಟರಲ್ಲಿ ಆರು ಸಾಲು ಮುಗಿದಿತ್ತು. ಮಧ್ಯಾಹ್ನ ಪೆಟ್ಟಿಗೆಯ ಕೆಳಗೆ ಜೇನು ರಾಶಿ ಬಿದ್ದಿದ್ದವು. ಕೆಲವು ಗಿರ್ರನೆ ಸುತ್ತುತ್ತಿದ್ದವು, ಕೆಲವು ನಾಲಿಗೆ ಹೊರಚಾಚಿದ್ದವು. ಅವ್ವ ಒಂದೊಂದನ್ನೇ ಹೆಕ್ಕಿ ಮೊರಕ್ಕೆ ಹಾಕಿಕೊಂಡಳು. ವಾರದಲ್ಲಿ ಪೆಟ್ಟಿಗೆ ಬರಿದಾಯಿತು.

ನಾನು ಅರ್ಜಿ ಬರೆದೆ. ಇಬ್ಬರೂ ಇಲಾಖೆಯ ಆಫೀಸಿಗೆ ಹೋದೆವು. ಆರ್ಡರು ನಿಜವಾಗಿಯೂ ಇತ್ತು. ಸಾಹೇಬರು ಫೈಲು ತೆಗೆದು ನನ್ನ ಕಡೆ ತಿರುಗಿಸಿ ಅವ್ವನಿಗೆ ಅಂದರು, "ತಿಳಿಸಿದಾರಲ್ಲಮ್ಮ, ರುಜು ಇದೆ ನೋಡು."

'ಪುಡಿ ಹೊಡೆಯುವ ವಿಷಯ ಹಿಂದಿನ ದಿನವೇ ತಿಳಿಸಲಾಗಿದೆ' ಅಂತ ದುಂಡಾಗಿ ಬರೆದಿತ್ತು. ಕೆಳಗೆ ಅವ್ವನ ಹೆಸರು, ಅವಳದೇ ಕೈಬರಹ.

"ನಂದೇನಾ ಮಗ?" ಅವ್ವ ಕೇಳಿದಳು. ಹೌದು ಅಂದೆ.

ಪಕ್ಕದ ಮೇಜಿನಲ್ಲಿ ಗ್ರಾಮಸೇವಕ ಕೂತಿದ್ದ. ಅವ್ವ ಅವನ ಮುಂದೆ ಹೋಗಿ ನಿಂತಳು. "ಅಕ್ಕ ಅಂತಿದ್ಯಲ್ಲೋ ನೀನು."

"ಎಲ್ಲರ ಹತ್ರಾನೂ ರುಜು ಮೊದ್ಲೇ ತಗೊಂಡಿಟ್ಟಿರ್ತೀವಿ ಅಕ್ಕಾ. ಊರೂರಿಗೂ ಓಡಾಡೋಕೆ ಎಲ್ಲಾಗುತ್ತೆ?" ಅಂದ. ನಾಚಿಕೆ ಅನ್ನುವುದು ಅವನ ಮುಖದಲ್ಲಿ ಒಂದಿಷ್ಟೂ ಇರಲಿಲ್ಲ. ಇವತ್ತಿಗೂ ನೆನೆಸಿಕೊಂಡರೆ ನನ್ನ ಮೈ ಉರಿಯುತ್ತದೆ.

ವಾಪಸ್ಸು ಬರುವಾಗ ಕನಕಪುರ ರಸ್ತೆಯಲ್ಲಿ ಅವ್ವ ಕೇಳಿದಳು, "ನೀನು ಪಕ್ಕದಲ್ಲೇ ಇದ್ಯಲ್ಲ ಅವತ್ತು. ಅದರಲ್ಲಿ ಏನೂ ಬರ್ದಿಲ್ಲ ಅಂತ ನೀನಾದ್ರೂ ನೋಡ್ಲಿಲ್ವಾ?"

ನೋಡಿದ್ದೆ. ಅವ್ವನ ಅಕ್ಷರ ಸೊಟ್ಟಗಾಗಲಿಲ್ಲವಲ್ಲ ಅಂತ ಹಿಗ್ಗುತ್ತಾ ಸುಮ್ಮನೆ ನಿಂತಿದ್ದೆ.

"ಇಲ್ಲ ಅವ್ವ, ನೋಡ್ಲಿಲ್ಲ" ಅಂದೆ. ಅವಳು ನಂಬಿದಳು.